ಹುಳು ತಳಿ ಅಭಿವೃದ್ಧಿ: ಒಂದು ಯಶೋಗಾಥೆ

ಪಶುಸಂಗೋಪನೆಯಲ್ಲಿ ನಮಗೆ ಹೇಳಿಕೊಳ್ಳುವಂಥ ಸಾಧನೆಯೇ ಇಲ್ಲ ಎಂದು ಗೊಣಗುವವರಿಗೆ ಒಂದು ಶುಭಸಮಾಚಾರ. ಕುರಿಯ ತಳಿ ಸುಧಾರಿಸಲು ಮೆರಿನೊ ಟಗರು ತರಿಸಿದೆವು, ರಾಂಬುಲೆ ಟಗರು ತರಿಸಿದೆವು, ಈಚೆಗಂತೂ ಡಾರ್ಪರ್ ಎಂಬ ಹೆಸರು ಕಿವಿಗೆ ಬಿದ್ದರೆ ಸಾಕು, ಲಕ್ಷಗಳ ಲೆಕ್ಕದಲ್ಲಿ ಮಾತಾಡುತ್ತೇವೆ. ಇಷ್ಟಾದರೂ ದಖ್ಖನಿ ಕುರಿಯ ಉಣ್ಣೆ ಕಂಬಳಿಯನ್ನು ದಾಟಿ ಮುಂದೆ ಹೋಗಲಿಲ್ಲ. ಆದರೆ ಅದೇ ಕುರಿಯ ಹೊಟ್ಟೆಯೊಳಗೆ ಇನ್ನೊಂದು ತಳಿ ಸುಧಾರಣೆ ಸದ್ದಿಲ್ಲದೆ ನಡೆದುಬಂದಿದೆ. ಅದಕ್ಕೆ ನಿಗಮವಿಲ್ಲ, ಅಧ್ಯಕ್ಷರಿಲ್ಲ, ಗೂಟದ ಕಾರಿಲ್ಲ. ಅದು ಐದು ಪೈಸೆ ಅನುದಾನ ಕೇಳಿದ್ದಿಲ್ಲ. ಆದರೂ ಗುರಿ ಮೀರಿ ಯಶಸ್ಸು ಕಂಡಿದೆ. ಅದೇ ಜಂತುಹುಳುವಿನ ತಳಿ ಸುಧಾರಣೆ.

ಫಲಾನುಭವಿಯ ಪರಿಚಯ ಮೊದಲು ಆಗಿಬಿಡಲಿ. ಹೆಸರು: ಹೀಮಾಂಕಸ್ ಕಂಟಾರ್ಟಸ್. ವಾಸ: ಕುರಿಯ ನಾಲ್ಕನೆಯ ಹೊಟ್ಟೆ. ಕಸುಬು: ರಕ್ತ ಕುಡಿಯುವುದು. ಹೆಣ್ಣುಹುಳು ಎರಡು ಮೂರು ಸೆಂಟಿಮೀಟರ್ ಉದ್ದ. ರಕ್ತ ತುಂಬಿದ ಕೆಂಪು ಕರುಳಿಗೆ ಬಿಳಿಯ ಅಂಡಾಶಯ ಸುತ್ತಿಕೊಂಡಿರುವುದರಿಂದ ಎರಡು ಬಣ್ಣದ ಎಳೆ ಸೇರಿಸಿ ಹೊಸೆದ ದಾರದ ಹಾಗೆ ಕಾಣುತ್ತದೆ. ಒಂದು ಹುಳು ದಿನಕ್ಕೆ ಹೀರುವುದು ಸುಮಾರು 0.05 ಮಿಲಿಲೀಟರ್, ಅಂದರೆ ಒಂದು ಹನಿ. ಒಂದು ಹನಿಗೇಕೆ ಇಷ್ಟು ಗಲಾಟೆ ಎನ್ನಬೇಡಿ. ಹೊಟ್ಟೆಯಲ್ಲಿ ಐದು ಸಾವಿರ ಹುಳು ಇದ್ದರೆ ದಿನಕ್ಕೆ ಕಾಲು ಲೀಟರ್ ರಕ್ತ ಹೋಯಿತು. ಮೂವತ್ತು ಕಿಲೋ ಕುರಿಯ ಮೈಯಲ್ಲಿ ಇರುವ ರಕ್ತವೇ ಎರಡು ಲೀಟರ್ ಆಸುಪಾಸು. ಕಣ್ಣಿನ ಒಳಪದರ ಬಿಳಿಚಿಕೊಳ್ಳುತ್ತದೆ, ದವಡೆಯ ಕೆಳಗೆ ನೀರು ತುಂಬಿ ಊದಿಕೊಳ್ಳುತ್ತದೆ. ನಿನ್ನೆ ಮೇಯುತ್ತಿದ್ದ ಕುರಿ ಬೆಳಗಾಗುವುದರೊಳಗೆ ರೊಪ್ಪದಲ್ಲಿ ಕಾಲು ಚಾಚಿರುತ್ತದೆ.

ಸಂತಾನದ ವಿಷಯದಲ್ಲೂ ಹುಳು ಜಿಪುಣತನ ಮಾಡಿಲ್ಲ. ಒಂದು ಹೆಣ್ಣು ದಿನಕ್ಕೆ ಐದರಿಂದ ಹತ್ತು ಸಾವಿರ ಮೊಟ್ಟೆ ಇಡುತ್ತದೆ. ಮೊಟ್ಟೆ ಹಿಕ್ಕೆಯ ಜೊತೆ ನೆಲಕ್ಕೆ ಬೀಳುತ್ತದೆ. ಮಳೆಗಾಲದ ಬೆಚ್ಚನೆಯ ತೇವದಲ್ಲಿ ವಾರದೊಳಗೆ ಮರಿಹುಳು ತಯಾರಾಗಿ, ಇಬ್ಬನಿಯ ಹುಲ್ಲಿನ ಮೇಲೆ ಹತ್ತಿ ಕೂತು, ಇನ್ನೊಂದು ಕುರಿಯ ಬಾಯಿಗಾಗಿ ಕಾಯುತ್ತದೆ. ಹೊಟ್ಟೆ ಸೇರಿ ಮೂರು ವಾರ ಕಳೆದರೆ ತಾನೂ ಮೊಟ್ಟೆ ಇಡಲು ಶುರು. 2019ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿ 1.11 ಕೋಟಿ ಕುರಿಗಳಿವೆ. ದೇಶಕ್ಕೆ ನಾವು ಮೂರನೆಯವರು, ತೆಲಂಗಾಣ ಮತ್ತು ಆಂಧ್ರದ ನಂತರ. ಹುಳುವಿನ ಗಣತಿಯನ್ನು ಯಾರೂ ಮಾಡಿಲ್ಲ. ಮಾಡಿದರೆ ಬಹುಶಃ ಅವುಗಳಿಗೂ ಒಂದು ಮೀಸಲು ಕ್ಷೇತ್ರ ಕೊಡಬೇಕಾದೀತು.

ಹಾಲು ಕುಡಿದ ಮಕ್ಕಳೇ ಬದುಕುವುದಿಲ್ಲ, ಇನ್ನು ವಿಷ ಕುಡಿದ ಮಕ್ಕಳು ಬದುಕುತ್ತವೆಯೇ ಎಂಬ ಗಾದೆ ನಮ್ಮಲ್ಲಿದೆ. ಈ ಗಾದೆ ಕಟ್ಟಿದವರಿಗೆ ಜಂತುಹುಳುವಿನ ಪರಿಚಯ ಇರಲಿಲ್ಲ. ಫಿನೋಥಯಜೀನ್ ಎಂಬ ಔಷಧ 1930ರ ದಶಕದ ಕೊನೆಯಲ್ಲಿ ಕುರಿಯ ಹೊಟ್ಟೆಗೆ ಬಂತು. 1957ರಲ್ಲಿ ಅಮೆರಿಕದ ಕೆಂಟಕಿಯಿಂದ ಸುದ್ದಿ: ಹುಳು ಅದನ್ನು ಅರಗಿಸಿಕೊಂಡಿದೆ. 1961ರಲ್ಲಿ ಥಯಾಬೆಂಡಜೋಲ್ ಬಂತು, ಜಂತುಬಾಧೆ ಇನ್ನು ಚರಿತ್ರೆ ಎಂದರು. ಮೂರೇ ವರ್ಷ. 1964ರಲ್ಲಿ ಅದೂ ಹುಳುವಿಗೆ ತೀರ್ಥವಾಯಿತು. ಲೆವಮಿಸೋಲ್ 1970ರ ಹೊತ್ತಿಗೆ ಮಾರುಕಟ್ಟೆಗೆ ಬಂತು. ಆ ದಶಕ ಮುಗಿಯುವ ಹೊತ್ತಿಗೆ ಆಸ್ಟ್ರೇಲಿಯಾದ ಹುಳು ಅದನ್ನೂ ಗೆದ್ದಿತ್ತು. ನಾವೇನೂ ಹಿಂದೆ ಬಿದ್ದವರಲ್ಲ. 1976ರಲ್ಲೇ ಭಾರತದ ಹುಳುವೂ ಫಿನೋಥಯಜೀನ್ ಮತ್ತು ಥಯಾಬೆಂಡಜೋಲ್ ಎರಡಕ್ಕೂ ಬಗ್ಗುತ್ತಿಲ್ಲ ಎಂದು ನಮ್ಮ ವಿಜ್ಞಾನಿಗಳು ಬರೆದರು. ಬೇರೆ ತಂತ್ರಜ್ಞಾನ ನಮ್ಮ ದೇಶಕ್ಕೆ ಬರಲು ಮೂವತ್ತು ವರ್ಷ ಹಿಡಿಯುತ್ತಿದ್ದ ಕಾಲ ಅದು.

ಆಮೇಲೆ ಬಂದದ್ದು ಔಷಧಗಳ ಸಾರ್ವಭೌಮ ಐವರ್‌ಮೆಕ್ಟಿನ್. ಜಪಾನಿನ ಕವಾನಾ ಎಂಬಲ್ಲಿ ಗಾಲ್ಫ್ ಮೈದಾನದ ಪಕ್ಕದಿಂದ ಸತೋಶಿ ಒಮುರಾ ಎತ್ತಿ ತಂದ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿ ಅದರ ಮೂಲ. ವಿಲಿಯಂ ಕ್ಯಾಂಪ್‌ಬೆಲ್ ಮತ್ತವರ ತಂಡ ಅದನ್ನು ಔಷಧವಾಗಿಸಿತು. 1981ರಲ್ಲಿ ಜಾನುವಾರುಗಳಿಗೆ ಬಂತು. ಮನುಷ್ಯರಲ್ಲಿ ಕುರುಡುತನ ತರುವ ಒಂದು ಹುಳುರೋಗಕ್ಕೂ ಅದೇ ಮದ್ದಾಯಿತು. 2015ರಲ್ಲಿ ಇಬ್ಬರಿಗೂ ನೊಬೆಲ್ ಸಿಕ್ಕಿತು. ಅಷ್ಟು ಹೊತ್ತಿಗೆ ಕುರಿಯ ಹುಳು ತನ್ನ ಪದವಿ ಪಡೆದು ಕಾಲು ಶತಮಾನ ಆಗಿತ್ತು. 1980ರ ದಶಕ ಮುಗಿಯುವ ಮೊದಲೇ ದಕ್ಷಿಣ ಆಫ್ರಿಕಾದ ಕುರಿಗಳಲ್ಲಿ ಐವರ್‌ಮೆಕ್ಟಿನ್‌ಗೆ ಕ್ಯಾರೇ ಅನ್ನದ ಹುಳು ಸಿಕ್ಕಿತ್ತು. ನೊಬೆಲ್ ಸಮಿತಿ ಇನ್ನೊಂದು ಕುರ್ಚಿ ಹಾಕಿಸಬೇಕಿತ್ತು. 2021ರಲ್ಲಿ ಗೋವಾ ಸರ್ಕಾರ ಕೊರೊನಾ ತಡೆಯಲು ಹದಿನೆಂಟು ದಾಟಿದ ಎಲ್ಲರಿಗೂ ಇದೇ ಮಾತ್ರೆ ಕೊಡುತ್ತೇವೆ ಎಂದು ಘೋಷಿಸಿತು. ಹುಳುವಿನ ಮೇಲೆ ಸೋತ ಔಷಧವನ್ನು ವೈರಸ್ ಮೇಲೆ ಪ್ರಯೋಗಿಸುವ ಆ ಧೈರ್ಯವನ್ನು ಮೆಚ್ಚಬೇಕು. ಮುಂದೆ ನಡೆದ ದೊಡ್ಡ ಪ್ರಯೋಗಗಳಲ್ಲಿ ಅದರಿಂದ ಉಪಯೋಗ ಕಾಣಲಿಲ್ಲ.

ಹುಳು ಇದನ್ನೆಲ್ಲ ಕಲಿತದ್ದು ಯಾವ ಕೋಚಿಂಗ್ ಕ್ಲಾಸಿನಲ್ಲಿ? ಎಲ್ಲಿಯೂ ಇಲ್ಲ. ಅದು ಕಲಿತೇ ಇಲ್ಲ. ಕೋಟ್ಯಂತರ ಹುಳುಗಳಲ್ಲಿ ಒಂದೆರಡು ಹುಟ್ಟಿನಿಂದಲೇ ಹಾಗಿರುತ್ತವೆ. ಆಲ್ಬೆಂಡಜೋಲ್ ಗುಂಪಿನ ಔಷಧ ಹುಳುವಿನ ಟ್ಯೂಬುಲಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ಅದನ್ನು ಕೊಲ್ಲುತ್ತದೆ. ಆ ಪ್ರೋಟೀನಿನ 200ನೆಯ ಸ್ಥಾನದಲ್ಲಿ ಫಿನೈಲ್ಅಲನಿನ್ ಬದಲು ಟೈರೋಸಿನ್ ಇದ್ದರೆ ಔಷಧಕ್ಕೆ ಅಂಟಲು ಜಾಗ ಸಿಗುವುದಿಲ್ಲ. ಅದಕ್ಕೆ ಡಿಎನ್ಎಯಲ್ಲಿ ಬದಲಾಗಬೇಕಾದದ್ದು ಒಂದೇ ಒಂದು ಅಕ್ಷರ. ಔಷಧವಿಲ್ಲದ ಕಾಲದಲ್ಲಿ ಅಂಥ ಹುಳು ಸಾವಿರಾರು ಸಾಧಾರಣ ಹುಳುಗಳ ನಡುವೆ ಹೇಳಹೆಸರಿಲ್ಲದೆ ಬಿದ್ದಿರುತ್ತದೆ. ನಾವು ಔಷಧ ಕುಡಿಸಿ ಅದರ ಪ್ರತಿಸ್ಪರ್ಧಿಗಳ ನಾಮಪತ್ರವನ್ನೆಲ್ಲ ತಿರಸ್ಕರಿಸುತ್ತೇವೆ. ಕಣದಲ್ಲಿ ಉಳಿದದ್ದು ಅದೊಂದೇ. ಅವಿರೋಧ ಆಯ್ಕೆ. ಮುಂದಿನ ಪೀಳಿಗೆಯ ಹತ್ತು ಸಾವಿರ ಮೊಟ್ಟೆಗಳೂ ಅದೇ ಕುಟುಂಬದವು. ಕುಟುಂಬ ರಾಜಕಾರಣ ಬೆಳೆಯುವುದು ಹೇಗೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲವಲ್ಲ.

ಇಷ್ಟು ಸಲೀಸಾದ ವಿದ್ಯೆಯನ್ನು ಗುಟ್ಟಾಗಿ ಇಟ್ಟುಕೊಳ್ಳುವುದು ತರವಲ್ಲ. ಮೇಲ್ದರ್ಜೆಯ, ಯಾವ ಔಷಧಕ್ಕೂ ಜಗ್ಗದ ಜಂತುಹುಳು ಬೆಳೆಸಬಯಸುವ ಆಸಕ್ತರಿಗಾಗಿ, ಲೋಕದಾದ್ಯಂತ ಪರೀಕ್ಷಿಸಿ ಸಿದ್ಧಪಟ್ಟ ಸೂತ್ರಗಳನ್ನು ಇಲ್ಲಿ ಕೊಡುತ್ತಿದ್ದೇನೆ.

ಮೊದಲ ಸೂತ್ರ: ಕುರಿಯನ್ನು ಎಂದೂ ತೂಗಬೇಡಿ. ಮಾರುವಾಗ ತೂಗಿ, ಅಲ್ಲಿ ನೂರು ಗ್ರಾಂ ಹೆಚ್ಚುಕಮ್ಮಿಯಾದರೂ ಸಂತೆಯಲ್ಲಿ ಜಗಳವೇ ಆಗಲಿ. ಔಷಧ ಕುಡಿಸುವಾಗ ಮಾತ್ರ ಕಣ್ಣಳತೆ ಸಾಕು. ಶಿರಾ, ಹಿರಿಯೂರು ಕಡೆಯ ಯಾವ ಔಷಧ ಅಂಗಡಿಯ ಮುಂದೆ ನಿಂತರೂ ಕೇಳಬಹುದಾದ ಮಾತುಕತೆ ಇದು:

"ಹುಳದ ಔಷ್ದಿ ಬೇಕಿತ್ತು ಸಾ."

"ಎಷ್ಟು ಕುರಿ ಅವೆ ಯಜಮಾನ್ರೇ?"

"ಮರಿ ಬಿಟ್ಟು ನೂರಿಪ್ಪತ್ತು."

"ಅರ್ಧ ಲೀಟ್ರು ಬಾಟ್ಲಿ ತಗಂಡೋಗಿ, ಸಾಕು."

"ಎಲ್ಲಾದಕ್ಕೂ ಬರ್ತದಾ?"

"ಬರೋ ಹಂಗೆ ಕುಡಿಸ್ಬೇಕು. ಒಂಚೂರು ನೀರು ಬೆರೆಸ್ಕಳಿ, ಏನಾಗಲ್ಲ."

ಏನಾಗಲ್ಲ ಎಂಬುದು ನಿಜ, ಹುಳುವಿಗೆ ಏನೂ ಆಗುವುದಿಲ್ಲ. ಲೆಕ್ಕ ಹಾಕಿ ನೋಡಿ. ಕುರಿಯ ತೂಕದ ಕಿಲೋ ಒಂದಕ್ಕೆ 5 ಮಿಲಿಗ್ರಾಂ ಆಲ್ಬೆಂಡಜೋಲ್ ಎಂದರೆ, ಶೇ 2.5ರ ದ್ರಾವಣದಲ್ಲಿ ಮೂವತ್ತು ಕಿಲೋ ಕುರಿಗೆ 6 ಮಿಲಿಲೀಟರ್ ಬೇಕು, ನಲವತ್ತೈದು ಕಿಲೋ ಟಗರಿಗೆ 9. ಅರ್ಧ ಲೀಟರನ್ನು ನೂರಿಪ್ಪತ್ತಕ್ಕೆ ಹಂಚಿದರೆ ತಲೆಗೆ 4 ಮಿಲಿಲೀಟರ್ ಚಿಲ್ಲರೆ. ಕುರಿಗೆ ಸಿಕ್ಕಿದ್ದು ಮೂರರಲ್ಲಿ ಎರಡು ಪಾಲು, ಟಗರಿಗೆ ಅರ್ಧಕ್ಕಿಂತ ಕಡಿಮೆ. ಪೂರ್ತಿ ಪ್ರಮಾಣಕ್ಕೆ ಸಾಯಬೇಕಿದ್ದ ಅರೆಬಲದ ಹುಳುಗಳೂ ಹೀಗೆ ಪಾಸಾಗಿಬಿಡುತ್ತವೆ. ಹುಳುವಿಗೆ ಕೃಪಾಂಕ ಕೊಟ್ಟ ಪುಣ್ಯ ನಿಮ್ಮದು. ಇಡೀ ಗುಂಪಿಗೆ ಒಂದೇ ಅಳತೆ ಹಾಕುವುದಾದರೆ ಅತಿ ಭಾರದ ಕುರಿಯ ತೂಕಕ್ಕೆ ಹಾಕಬೇಕು ಎನ್ನುತ್ತಾರೆ ತಿಳಿದವರು. ಅಂಥ ಮಾತಿಗೆ ಕಿವಿಗೊಡಬೇಡಿ, ದುಂದು.

ಎರಡನೆಯದು: ಮೇಕೆಗೂ ಕುರಿಗೂ ಭೇದ ಮಾಡಬೇಡಿ. ಮೇಕೆಯ ಯಕೃತ್ತು ಈ ಔಷಧಗಳನ್ನು ಕುರಿಗಿಂತ ಬೇಗ ಕರಗಿಸಿ ಹೊರಹಾಕುತ್ತದೆ. ಆದ್ದರಿಂದ ಎಷ್ಟೋ ಔಷಧಗಳು ಅದಕ್ಕೆ ಹೆಚ್ಚಿನ ಪ್ರಮಾಣದಲ್ಲಿ ಬೇಕು. ಆದರೆ ನಮ್ಮದು ಸಮಾನತೆಯ ನಾಡು. ಒಂದೇ ಹಿಂಡಿನಲ್ಲಿ ಮೇಯುವ ಮೇಕೆಗೆ ಕುರಿಯ ಅಳತೆಯನ್ನೇ ಹಾಕಿದರೆ ಅದರ ಹೊಟ್ಟೆ ಹುಳುವಿಗೆ ಒಳ್ಳೆಯ ತರಬೇತಿ ಶಾಲೆಯಾಗುತ್ತದೆ. ಅಲ್ಲಿ ತೇರ್ಗಡೆಯಾದ ಹುಳು ಅದೇ ಹುಲ್ಲಿನ ಮೂಲಕ ಕುರಿಗೆ ವರ್ಗವಾಗುತ್ತದೆ.

ಮೂರನೆಯದು: ಔಷಧ ಬದಲಿಸುತ್ತಿರಿ, ಆದರೆ ಹೆಸರು ಮಾತ್ರ ಬದಲಾಗಲಿ. ಹೋದ ಸಲ ಆಲ್ಬೆಂಡಜೋಲ್ ಹಾಕಿದ್ದರೆ ಈ ಸಲ ಫೆನ್‌ಬೆಂಡಜೋಲ್ ಹಾಕಿ. ಬಾಟಲಿಯ ಬಣ್ಣ ಬೇರೆ, ಕಂಪನಿ ಬೇರೆ, ಬೆಲೆ ಬೇರೆ, ಮಾಡುವ ಕೆಲಸ ಒಂದೇ. ಎರಡೂ ಅದೇ ಟ್ಯೂಬುಲಿನ್‌ಗೆ ಗುರಿಯಿಡುವ ಒಂದೇ ಗುಂಪಿನವು. ಒಂದಕ್ಕೆ ಬಗ್ಗದ ಹುಳು ಇನ್ನೊಂದಕ್ಕೂ ಬಗ್ಗುವುದಿಲ್ಲ. ಪಕ್ಷಾಂತರ ಮಾಡಿದ ಮಾತ್ರಕ್ಕೆ ಶಾಸಕ ಹೊಸಬನಾಗುತ್ತಾನೆಂದು ನಂಬುವ ನಾವು ಇದನ್ನೂ ನಂಬಬಲ್ಲೆವು.

ನಾಲ್ಕನೆಯದು ಬಹಳ ಮುಖ್ಯ. ಹಿಂಡಿನ ಒಂದು ಕುರಿಯನ್ನೂ ಬಿಡದೆ ಎಲ್ಲಕ್ಕೂ ಒಂದೇ ದಿನ ಔಷಧ ಕುಡಿಸಿ. ಸಾಧ್ಯವಾದರೆ ಮಾರ್ಚ್ ತಿಂಗಳಲ್ಲಿ. ಮಾರ್ಚ್ ಯಾಕೆ ಎನ್ನುವವರು ಸರ್ಕಾರಿ ಕಚೇರಿಯ ಬಾಗಿಲು ನೋಡಿದವರಲ್ಲ. ಅನುದಾನ ಖರ್ಚಾಗಬೇಕಾದ ತಿಂಗಳದು. ಶಾಮಿಯಾನ ಏಳುತ್ತದೆ, ಜಂತುನಾಶಕ ಶಿಬಿರದ ಬ್ಯಾನರ್ ಏಳುತ್ತದೆ, ಟಗರಿನ ಬಾಯಿಗೆ ಸಿರಿಂಜ್ ಹಿಡಿದ ಗಣ್ಯರ ಫೋಟೊ ಮರುದಿನದ ಪತ್ರಿಕೆಯ ಜಿಲ್ಲಾ ಪುಟಕ್ಕೆ ಹೋಗುತ್ತದೆ. ಬೇಸಿಗೆಯ ಆ ಬಿಸಿಲಿಗೆ ಹುಲ್ಲಿನ ಮೇಲಿದ್ದ ಮರಿಹುಳುಗಳು ಹೇಗೂ ಒಣಗಿ ಸತ್ತಿರುತ್ತವೆ. ಊರಿನ ಹುಳು ಸಂತತಿಯೆಲ್ಲ ಉಳಿದಿರುವುದು ಕುರಿಗಳ ಹೊಟ್ಟೆಯಲ್ಲಿ ಮಾತ್ರ. ಆ ಹೊತ್ತಿಗೆ ಸರಿಯಾಗಿ ಎಲ್ಲ ಹೊಟ್ಟೆಗೂ ಔಷಧ ಸುರಿದರೆ ಬದುಕುವುದು ಔಷಧ ಗೆದ್ದ ಹುಳು ಮಾತ್ರ. ಮುಂಗಾರು ಬಿದ್ದು ಹುಲ್ಲು ಚಿಗುರಿದಾಗ ಅದರ ಮೇಲೆ ಹತ್ತಿ ಕೂರುವುದು ಅದರ ಮಕ್ಕಳು ಮಾತ್ರ. ಹಣಕಾಸು ವರ್ಷಕ್ಕೂ ಹುಳುವಿನ ವಂಶಾವಳಿಗೂ ಇಂಥ ಹೊಂದಾಣಿಕೆ ಬೇರೆ ಯಾವ ಯೋಜನೆಯಲ್ಲಿ ಕಂಡಿದ್ದೀರಿ?

ಐದನೆಯದು ತಜ್ಞರು ಕೊಟ್ಟ ಸೂತ್ರ. ಔಷಧ ಕುಡಿಸಿದ ಕೂಡಲೇ ಹಿಂಡನ್ನು ಹುಳುವಿಲ್ಲದ ಹೊಸ ಹುಲ್ಲುಗಾವಲಿಗೆ ಅಟ್ಟಿರಿ. ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ದಶಕಗಳ ಕಾಲ ಬೋಧಿಸಿದ ಮಂತ್ರ ಇದು. ಕೇಳಲು ಎಷ್ಟು ಅಚ್ಚುಕಟ್ಟು! ಹಳೆಯ ಹುಳು ಸತ್ತಿತು, ಹೊಸ ಜಾಗದಲ್ಲಿ ಹುಳುವಿಲ್ಲ. ಆದರೆ ಹೊಟ್ಟೆಯಲ್ಲಿ ಸಾಯದೆ ಉಳಿದ ನಾಲ್ಕು ಹುಳು ಇವೆಯಲ್ಲ, ಅವುಗಳಿಗೆ ಇಡೀ ಹುಲ್ಲುಗಾವಲನ್ನು ಖಾತೆ ಮಾಡಿಕೊಟ್ಟಂತಾಯಿತು. ಆಮೇಲೆ ವಿಜ್ಞಾನಿಗಳು ತಲೆ ಮೇಲೆ ಕೈ ಹೊತ್ತು ಹೇಳಿದರು: ಔಷಧ ಕಾಣದ ಸಾಧಾರಣ ಹುಳುಗಳು ಹುಲ್ಲಿನಲ್ಲೋ ಔಷಧ ಕುಡಿಸದ ಕೆಲವು ಕುರಿಗಳಲ್ಲೋ ಒಂದಷ್ಟು ಉಳಿಯಬೇಕು, ಅವು ಗೆದ್ದ ಹುಳುಗಳ ಜೊತೆ ಬೆರೆತು ಆ ರಕ್ತವನ್ನು ತೆಳುವಾಗಿಸಬೇಕು, ಇಲ್ಲದಿದ್ದರೆ ಔಷಧಕ್ಕೆ ಉಳಿಗಾಲವಿಲ್ಲ. ಊರೆಲ್ಲ ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ.

ಆರನೆಯದು: ಔಷಧ ಕೆಲಸ ಮಾಡಿತೇ ಎಂದು ಎಂದೂ ಪರೀಕ್ಷಿಸಬೇಡಿ. ಪರೀಕ್ಷೆ ಕಷ್ಟದ್ದೇನಲ್ಲ ಎಂಬುದೇ ಅದರ ಅಪಾಯ. ಔಷಧ ಕುಡಿಸುವ ದಿನ ಹಿಕ್ಕೆಯಲ್ಲಿರುವ ಮೊಟ್ಟೆಗಳನ್ನು ಎಣಿಸುವುದು, ಹತ್ತು ಹದಿನಾಲ್ಕು ದಿನ ಬಿಟ್ಟು ಮತ್ತೆ ಎಣಿಸುವುದು. ಮೊಟ್ಟೆಗಳ ಸಂಖ್ಯೆ ಶೇ 95ಕ್ಕಿಂತ ಕಡಿಮೆ ಇಳಿದಿದ್ದರೆ ಹುಳು ಗೆಲ್ಲತೊಡಗಿದೆ ಎಂದು ತಿಳಿಯುವುದು. ಬೇಕಾದದ್ದು ಉಪ್ಪುನೀರು, ಗೆರೆ ಹಾಕಿದ ಒಂದು ಗಾಜಿನ ಪಟ್ಟಿ, ಒಂದು ಸೂಕ್ಷ್ಮದರ್ಶಕ, ಎಣಿಸುವ ಒಬ್ಬ ಮನುಷ್ಯ. ಮೊದಲ ಮೂರನ್ನು ಟೆಂಡರ್ ಕರೆದು ಕೊಳ್ಳಬಹುದು. ನಾಲ್ಕನೆಯದಕ್ಕೆ ಹುದ್ದೆ ಮಂಜೂರಾಗಬೇಕು, ಆದ್ದರಿಂದ ಹುಳುವಿಗೆ ಸದ್ಯಕ್ಕೆ ಭಯವಿಲ್ಲ. ರಾಜ್ಯದ ಅನುಗ್ರಹ ಯೋಜನೆ 2023ರಲ್ಲಿ ಮತ್ತೆ ಜೀವ ಪಡೆದಾಗ ಸತ್ತ ಕುರಿಗೆ ₹5,000 ಪರಿಹಾರ ಎಂದಿತು. ಒಳ್ಳೆಯದೇ, ಬಡವನ ಕಣ್ಣೀರು ಒರೆಸುವ ಹಣವದು. ಆದರೆ ಕುರಿಯ ಹೆಣಕ್ಕೆ ಬೆಲೆ ಕಟ್ಟಲು ಬರುವ ಸರ್ಕಾರಕ್ಕೆ ಅದು ಬದುಕಿದ್ದಾಗ ಹಾಕಿದ ಹಿಕ್ಕೆಯ ಬೆಲೆ ಇನ್ನೂ ಗೊತ್ತಾಗಿಲ್ಲ.

ಕೊನೆಯ ಸೂತ್ರ ವಿತರಣೆಗೆ ಸಂಬಂಧಿಸಿದ್ದು. ಬೆಳೆಸಿದ ತಳಿ ಊರೂರಿಗೆ ತಲುಪಬೇಕಲ್ಲ. ಭಾರತದಲ್ಲಿ ಔಷಧಕ್ಕೆ ಬಗ್ಗದ ಹುಳುಗಳ ವರದಿ ಹೆಚ್ಚಾಗಿ ಬಂದಿರುವುದು ವ್ಯವಸ್ಥಿತ ಫಾರಂಗಳಿಂದ. ಹಳ್ಳಿಯ ಕುರಿಗಾಹಿಗಳ ಹಿಂಡಿನಿಂದ ಕಡಿಮೆ. ಕಾರಣ ಸರಳ. ಫಾರಂನಲ್ಲಿ ವೇಳಾಪಟ್ಟಿ ಇದೆ, ರಿಜಿಸ್ಟರ್ ಇದೆ, ತಪ್ಪದೆ ಔಷಧ ಕುಡಿಸುವ ಶಿಸ್ತಿದೆ. ಶಿಸ್ತಿನಿಂದ ಕುಡಿಸಿದ್ದರಿಂದಲೇ ಹುಳು ಶಿಸ್ತಾಗಿ ಬೆಳೆಯಿತು. ಈ ಫಾರಂಗಳ ಕೆಲಸ ಉತ್ತಮ ಟಗರು ಬೆಳೆಸಿ ರೈತರಿಗೆ ಹಂಚುವುದು. ಟಗರಿನ ಕೊರಳಿಗೆ ಹಾರ, ಕಿವಿಗೆ ಬಿಲ್ಲೆ, ಹೊಟ್ಟೆಯಲ್ಲಿ ಆಯ್ದ ತಳಿಯ ಹುಳು. ಎರಡು ಯೋಜನೆಗಳ ಫಲ ಒಂದೇ ಪ್ರಾಣಿಯಲ್ಲಿ, ಒಂದೇ ಸಾಗಣೆ ವೆಚ್ಚದಲ್ಲಿ. 2017ರಲ್ಲಿ ತೆಲಂಗಾಣ ಸರ್ಕಾರ ಶೇ 75ರ ಸಬ್ಸಿಡಿಯಲ್ಲಿ ಕುಟುಂಬಕ್ಕೆ ಇಪ್ಪತ್ತು ಕುರಿ, ಒಂದು ಟಗರು ಹಂಚಲು ಹೊರಟಾಗ ನೆರೆಯ ರಾಜ್ಯಗಳಿಂದ, ನಮ್ಮಲ್ಲಿಂದಲೂ, ಲಾರಿಗಟ್ಟಲೆ ಕುರಿ ಹೋದವು. ಗಡಿ ಚೆಕ್‌ಪೋಸ್ಟಿನಲ್ಲಿ ಕುರಿಯ ತಲೆ ಎಣಿಸಬಹುದು. ಹೊಟ್ಟೆಯೊಳಗೆ ಟಿಕೆಟ್ ಇಲ್ಲದೆ ಕೂತವರನ್ನು ಎಣಿಸುವವರು ಯಾರು?

ಇನ್ನೊಂದು ಹೊಸ ಔಷಧ ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವ ಆಶಾವಾದಿಗಳಿಗೆ ನ್ಯೂಜಿಲೆಂಡಿನ ಕಥೆ ಸಾಕು. ಕಾಲು ಶತಮಾನ ಹೊಸ ಗುಂಪಿನ ಔಷಧವೇ ಇಲ್ಲದೆ ಕಾದ ಮೇಲೆ 2009ರಲ್ಲಿ ಅಲ್ಲಿಗೆ ಮೊನೆಪಾಂಟೆಲ್ ಬಂತು. ಹಳೆಯ ಔಷಧಗಳನ್ನೆಲ್ಲ ಗೆದ್ದ ಹುಳುಗಳೂ ಅದಕ್ಕೆ ಸತ್ತವು. ಹಬ್ಬ ಮಾಡಿದರು. 2013ರಲ್ಲಿ ಅಲ್ಲಿಯ ಒಂದು ಫಾರಂನ ವರದಿ ಪ್ರಕಟವಾಯಿತು. ಆಡು ಕುರಿ ಎರಡಕ್ಕೂ ಮತ್ತೆ ಮತ್ತೆ ಆ ಔಷಧ ಕುಡಿಸಿದ ಫಾರಂ ಅದು. ಬಳಸಲು ಶುರುಮಾಡಿ ಎರಡು ವರ್ಷ ತುಂಬುವ ಮೊದಲೇ ಅಲ್ಲಿಯ ಎರಡು ಜಾತಿಯ ಹುಳುಗಳು ಅದನ್ನು ಗೆದ್ದಿದ್ದವು. ಹೊಸ ಅಣು ಹುಡುಕುವುದಕ್ಕೆ ಕಂಪನಿಗಳಿಗೆ ಹಿಡಿದದ್ದು ದಶಕಗಳು. ಅದನ್ನು ಕೆಡಿಸುವುದಕ್ಕೆ ಒಂದು ಫಾರಂಗೆ ಒಂದು ಸಿರಿಂಜ್, ಒಂದಿಷ್ಟು ಉತ್ಸಾಹ ಸಾಕಾಯಿತು.

ಹೀಗಾದರೂ ಕೆಲವು ಔಷಧ ಇನ್ನೂ ಕೆಲಸ ಮಾಡುತ್ತಿವೆಯಲ್ಲ, ಅದರ ಶ್ರೇಯಸ್ಸು ಯಾರಿಗೆ ಹೋಗಬೇಕು? ಯಾವ ಸಮ್ಮೇಳನದಲ್ಲೂ ಶಾಲು ಹೊದಿಸಿಕೊಳ್ಳದ ಒಬ್ಬನಿಗೆ. ಕೈಯಲ್ಲಿ ದುಡ್ಡಿಲ್ಲದೆ ನೂರರಲ್ಲಿ ನಿತ್ರಾಣವಾದ ಹತ್ತಕ್ಕೆ ಮಾತ್ರ ಔಷಧ ಕುಡಿಸಿದವನಿಗೆ. ಕಂಬಳಿ ಹೆಗಲಿಗೆ ಹಾಕಿ ಹಿಂಡಿನ ಜೊತೆ ಊರಿಂದ ಊರಿಗೆ ನಡೆದು, ಒಂದೇ ಹುಲ್ಲನ್ನು ಮತ್ತೆ ಮತ್ತೆ ಮೇಯಿಸದೆ, ರೈತರ ಹೊಲದಲ್ಲಿ ಮಂದೆ ನಿಲ್ಲಿಸಿ ಮುಂದೆ ಹೋದವನಿಗೆ. ಶಿಬಿರಕ್ಕೆ ಬಾರದೆ ತಪ್ಪಿಸಿಕೊಂಡವನಿಗೆ. ಅವನನ್ನು ನಾವು ಹಿಂದುಳಿದವನು, ವೈಜ್ಞಾನಿಕ ಪದ್ಧತಿ ಅರಿಯದವನು ಎಂದು ಕಾರ್ಯಾಗಾರಗಳಲ್ಲಿ ಬೈದೆವು. ಔಷಧ ಕಾಣದ ಸಾಧಾರಣ ಹುಳುಗಳನ್ನು ನಾಡಿನ ಹುಲ್ಲಿನಲ್ಲಿ ಉಳಿಸಿದವನು ಅವನೇ. ಔಷಧವನ್ನು ಉಳಿಸಿದವನು ಅದನ್ನು ಕೊಳ್ಳಲಾರದವನು.

ಈಗ ಅವನನ್ನೂ ಸುಧಾರಿಸಲು ಹೊರಟಿದ್ದೇವೆ. ರಾಷ್ಟ್ರೀಯ ಜಾನುವಾರು ಮಿಷನ್ 500 ಹೆಣ್ಣು, 25 ಗಂಡು ಇರುವ ಘಟಕಕ್ಕೆ ₹50 ಲಕ್ಷದವರೆಗೆ ಸಬ್ಸಿಡಿ ಕೊಡುತ್ತದೆ. ಬೆಂಗಳೂರಿನ ಕೆಲಸ ಬಿಟ್ಟು ಕುರಿ ಫಾರಂ ಮಾಡಿದ ಎಂಜಿನಿಯರ್‌ಗಳು ಯೂಟ್ಯೂಬಿನಲ್ಲಿ ತಿಂಗಳಿಗೊಮ್ಮೆ ಡೀವರ್ಮಿಂಗ್ ಮಾಡಿ ಎಂದು ಬೋಧಿಸುತ್ತಿದ್ದಾರೆ. ಅಟ್ಟಣಿಗೆ ಕಟ್ಟಿ, ಕೊಯ್ದು ತಂದ ಒಣಮೇವು ಹಾಕಿ ಸಾಕಿದ ಕುರಿಗೆ ಹುಲ್ಲಿನ ಹುಳು ಹತ್ತುವ ದಾರಿಯೇ ಕಡಿಮೆ. ಅದಕ್ಕೂ ತಿಂಗಳಿಗೊಮ್ಮೆ ಔಷಧ. ಕುರಿ ಕೊಬ್ಬಿದಷ್ಟೂ ಕುರುಬನಿಗೆ ಲಾಭ ಎಂಬ ಗಾದೆಯಿತ್ತು. ಈಗ ಹುಳು ಕೊಬ್ಬಿದಷ್ಟೂ ಅಂಗಡಿಗೆ ಲಾಭ.

ಬೇರೆ ದಾರಿ ಇಲ್ಲವೇ ಎಂದರೆ ಇದೆ, ಆದರೆ ಅದರಲ್ಲಿ ಫೋಟೊ ತೆಗೆಸಿಕೊಳ್ಳುವಂಥದ್ದು ಏನೂ ಇಲ್ಲ. ಹಿಂಡಿನ ಬಹುಪಾಲು ಹುಳು ಕೆಲವೇ ಕುರಿಗಳ ಹೊಟ್ಟೆಯಲ್ಲಿರುತ್ತದೆ. ಆ ಕೆಲವನ್ನು ಗುರುತಿಸಿ ಅವಕ್ಕೆ ಮಾತ್ರ ಪೂರ್ತಿ ಪ್ರಮಾಣದ ಔಷಧ ಕೊಟ್ಟರೆ ಖರ್ಚೂ ಉಳಿಯುತ್ತದೆ, ಔಷಧವೂ ಉಳಿಯುತ್ತದೆ. ದಕ್ಷಿಣ ಆಫ್ರಿಕಾದ ಪಶುವೈದ್ಯರು 1990ರ ದಶಕದಲ್ಲಿ ಇದಕ್ಕೊಂದು ಚೀಟಿ ಮಾಡಿದರು. ಕಡುಗೆಂಪಿನಿಂದ ಬಿಳಿಯವರೆಗೆ ಐದು ಬಣ್ಣ. ಕುರಿಯ ಕಣ್ಣರೆಪ್ಪೆ ಬಿಡಿಸಿ ಒಳಪದರದ ಬಣ್ಣವನ್ನು ಚೀಟಿಗೆ ಹಿಡಿದು ನೋಡುವುದು, ಬಿಳಿಚಿದ್ದರೆ ಮಾತ್ರ ಔಷಧ. ಅದನ್ನು ಮೊದಲು ಯೋಚಿಸಿದ ಫಾಫಾ ಮಲನ್ ಅವರ ಹೆಸರನ್ನೇ ಸೇರಿಸಿ ಫಮಾಚಾ ಎಂದು ಕರೆದರು. ರಕ್ತ ಕುಡಿಯುವ ಈ ಹುಳುವಿನ ಪತ್ತೆಗೆ ಅಷ್ಟು ಸಾಕು. ಸಂತೆಯಲ್ಲಿ ಟಗರಿನ ಬಾಯಿ ಬಿಡಿಸಿ ಹಲ್ಲು ಎಣಿಸಿ ವಯಸ್ಸು ಹೇಳುವ ನಮ್ಮ ಕುರಿಗಾರರಿಗೆ ಕಣ್ಣು ಬಿಡಿಸಿ ನೋಡುವುದು ಎಷ್ಟರ ಮಾತು? ಆದರೆ ಈ ಚೀಟಿಗೆ ದೊಡ್ಡ ಟೆಂಡರ್ ಕರೆಯುವಂತಿಲ್ಲ. ಇಂಥ ವಸ್ತು ನಮ್ಮಲ್ಲಿ ಜನಪ್ರಿಯವಾಗುವುದು ಕಷ್ಟ.

ಆಸ್ಟ್ರೇಲಿಯಾದಲ್ಲಿ 2014ರಲ್ಲಿ ಇದೇ ಹುಳುವಿನ ಕರುಳಿನ ಪ್ರೋಟೀನಿನಿಂದ ಮಾಡಿದ ಲಸಿಕೆ ಮಾರಾಟಕ್ಕೆ ಬಂತು. ಅದರ ರಕ್ಷಣೆ ಕೆಲವೇ ವಾರ, ಮತ್ತೆ ಮತ್ತೆ ಚುಚ್ಚಬೇಕು. ನಮ್ಮಲ್ಲೇ, ಬಂಗಾಳದ ಸುಂದರಬನದ ಕೆಸರಿನಲ್ಲಿ ಮೇಯುವ ಗರೋಲ್ ಎಂಬ ಪುಟ್ಟ ಕುರಿಗೆ ಈ ಹುಳುವನ್ನು ತಾಳಿಕೊಳ್ಳುವ ಶಕ್ತಿ ಹುಟ್ಟಿನಿಂದಲೇ ಇದೆ. ಆದರೆ ಅದರ ತೂಕ ಸಾಮಾನ್ಯವಾಗಿ ಹದಿನೈದು ಕಿಲೋ ದಾಟುವುದಿಲ್ಲ, ಹೆಸರಿನಲ್ಲಿ ವಿದೇಶಿ ಗತ್ತೂ ಇಲ್ಲ. ಅದಕ್ಕೆ ಲಕ್ಷ ಕೊಡುವವರು ಯಾರು? ನಾವು ಮೈತೂಕಕ್ಕಾಗಿ ಟಗರು ಆರಿಸುತ್ತೇವೆ. ಹುಳುವನ್ನು ತಡೆಯುವ ಟಗರನ್ನು ಆರಿಸಬಹುದು ಎಂಬುದು ನಮ್ಮ ಯೋಜನಾ ವರದಿಗಳ ಕಾಲಂಗಳಿಗೆ ಇನ್ನೂ ಬಿದ್ದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಎರಡು ಮಾತು ವ್ಯಂಗ್ಯ ಬಿಟ್ಟು. ಕುರಿ ಸಾಕುವವರು ಕಣ್ಣು ಬಿಡಿಸಿ ನೋಡಲಿ, ತೂಕಕ್ಕೆ ತಕ್ಕಂತೆ ಕುಡಿಸಲಿ, ಗಟ್ಟಿಯಾಗಿರುವ ಕುರಿಗಳನ್ನು ಔಷಧವಿಲ್ಲದೆ ಬಿಡಲಿ, ಕೊಂಡು ತಂದ ಕುರಿಯನ್ನು ಪರೀಕ್ಷಿಸುವವರೆಗೆ ಹಿಂಡಿಗೆ ಬೆರೆಸದಿರಲಿ. ಅವರಿಗೆ ಇಷ್ಟು ಹೇಳುವ ಹಕ್ಕು ಸರ್ಕಾರಕ್ಕೆ ಬರಬೇಕಾದರೆ ಅದು ಮೊದಲು ತನ್ನ ಮನೆ ಗುಡಿಸಿಕೊಳ್ಳಬೇಕು. ಮಾರ್ಚ್ ತಿಂಗಳ ಸಾಮೂಹಿಕ ಶಿಬಿರಗಳನ್ನು ನಿಲ್ಲಿಸಲಿ. ಯಾವ ಔಷಧ ಯಾವ ತಾಲ್ಲೂಕಿನಲ್ಲಿ ಇನ್ನೂ ನಡೆಯುತ್ತದೆ ಎಂದು ಹಿಕ್ಕೆ ಪರೀಕ್ಷಿಸಿ ಊರಿನ ಪಶು ಆಸ್ಪತ್ರೆಯ ಗೋಡೆಗೆ ಅಂಟಿಸಲಿ. ಮೊಟ್ಟೆ ಎಣಿಸಿದ ವರದಿ ಇಲ್ಲದೆ ಒಂದು ಟಗರನ್ನೂ ಫಾರಂನ ಗೇಟಿನಿಂದ ಹೊರಗೆ ಬಿಡದಿರಲಿ. ಈ ಕೊನೆಯ ಆದೇಶಕ್ಕೆ ಸಚಿವ ಸಂಪುಟ ಸೇರಬೇಕಾಗಿಲ್ಲ, ಒಂದು ಸುತ್ತೋಲೆ ಸಾಕು.